ಹಿರಿಯರ ಕಾಲೂ ಮನೆಯವರ ಉಪಚಾರವೂ

ಗೃಹಸ್ಥರ ಮನೆಗಳಲ್ಲಿ ವೃದ್ಧರಿಗೆ ಸಲ್ಲುವ ಉಪಚಾರವೊಂದುಂಟು. ತಂದೆಯವರು ನೀರಿಗಾಗಿ ಏಳಹೋದರೆ ಮಗನು, “ಅಪ್ಪಾ, ನೀವು ಕೂತಿರಿ, ನಾನು ತಂದುಕೊಡುತ್ತೇನೆ” ಎನ್ನುವನು. ಅತ್ತೆಯವರು ಹೂ ಕೊಯ್ಯಲು ಅಂಗಳಕ್ಕೆ ಇಳಿದರೆ ಸೊಸೆಯು ಓಡಿಬಂದು ಬುಟ್ಟಿಯನ್ನು ಕಸಿದುಕೊಳ್ಳುವಳು. ಇದು ಸದ್ಭಾವದಿಂದ ಹುಟ್ಟಿದ ನಡತೆಯೆಂಬುದರಲ್ಲಿ ಸಂಶಯವಿಲ್ಲ. ಆದರೆ ದಿನವೆಲ್ಲ ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಕುಳಿತ ಆ ಹಿರಿಯರ ಪಾದಗಳನ್ನು ಸಾಯಂಕಾಲ ಒಮ್ಮೆ ನೋಡಬೇಕು. ಊದಿಕೊಂಡ ಕಣಕಾಲನ್ನು ಬೆರಳಿನಿಂದ ಒತ್ತಿದರೆ ಕುಳಿ ಬಿದ್ದು ಬಹಳ ಹೊತ್ತು ಹಾಗೆಯೇ ಉಳಿಯುವುದುಂಟು.

ಹೀಗಾಗಲು ಕಾರಣವೇನು? ಹೃದಯವು ರಕ್ತವನ್ನು ಪಾದದವರೆಗೆ ದೂಡಬಲ್ಲದು. ಅಲ್ಲಿಂದ ಮೇಲಕ್ಕೆ ತರುವ ಕೆಲಸದ ಬಹುಭಾಗವು ಮೊಣಕಾಲಿನ ಕೆಳಗೆ ಹಿಂಬದಿಯಲ್ಲಿರುವ ಮಾಂಸಖಂಡದ್ದು. ಸಂಸ್ಕೃತದಲ್ಲಿ ಇದನ್ನು ಪಿಂಡಿಕಾ ಎನ್ನುತ್ತಾರೆ. ನಮ್ಮವರು ಹೇಳುವ ಮೀನಖಂಡವೆಂಬ ಹೆಸರೇ ನಮಗೆ ಹೆಚ್ಚು ರುಚಿಸುತ್ತದೆ. ಬಿಗಿದು ಸಡಿಲುವಾಗ ಅದು ಮೀನು ಹೊರಳಿದಂತೆಯೇ ಕಾಣುವುದಷ್ಟೆ. ಅದು ಬಿಗಿದಾಗಲೆಲ್ಲ ಒಳಗಿನ ಮಲಿನರಕ್ತನಾಳಗಳು ಹಿಂಡಲ್ಪಟ್ಟು ರಕ್ತವು ಮೇಲಕ್ಕೇರುತ್ತದೆ. ಏರಿದ್ದು ಮರಳಿ ಇಳಿಯದಂತೆ ನಾಳಗಳೊಳಗೆ ಚಿಕ್ಕ ಕದಗಳುಂಟು. ಇಟಲಿಯ ಪಾದುವಾದಲ್ಲಿ ಅಧ್ಯಾಪಕನಾಗಿದ್ದ ಫಾಬ್ರಿಷಿಯಸನು 1603ರಲ್ಲಿ ಇವುಗಳನ್ನು ಕುರಿತು ಗ್ರಂಥವನ್ನೇ ಬರೆದನು. ಆದರೆ ಅವು ರಕ್ತದ ವೇಗವನ್ನು ತಗ್ಗಿಸಲು ಇರುವುವೆಂದು ಬಗೆದನು. ಅವು ಹೃದಯದ ಕಡೆಗೆ ಮಾತ್ರ ದಾರಿ ಬಿಡುವುವೆಂಬುದನ್ನು 1628ರಲ್ಲಿ ತೋರಿಸಿದವನು ಅವನ ಶಿಷ್ಯ ಹಾರ್ವೆ. (ಗುರುವನ್ನು ಮೀರಿದ ಶಿಷ್ಯನ ಸುದ್ದಿ ಉಪಾಧ್ಯಾಯರಾಗಿದ್ದವರಿಗೆ ಎಂದೂ ಹಿತವೇ.) ಕಾಲನ್ನು ಆಡಿಸದೆ ಕುಳಿತವನಲ್ಲಿ ಕದಗಳಿದ್ದರೂ ರಕ್ತವನ್ನು ಎತ್ತುವವರಿಲ್ಲ.

ಕುಳಿತಲ್ಲಿಯೇ ಮಾಡತಕ್ಕ ವ್ಯಾಯಾಮವು ಸುಲಭವಾದುದು. ಪಾದಗಳನ್ನು ನೆಲದ ಮೇಲಿಟ್ಟು ಹಿಮ್ಮಡಿಯನ್ನು ಎತ್ತಿ ಇಳಿಸುವುದು. ಬಳಿಕ ಹಿಮ್ಮಡಿಯೂರಿ ಮುಂಗಾಲನ್ನು ಎತ್ತಿ ಇಳಿಸುವುದು. ಹತ್ತಿಪ್ಪತ್ತು ಸಲ, ಗಂಟೆಗೊಮ್ಮೆ. ಶಕ್ತಿಯಿದ್ದವರು ಗೋಡೆಯನ್ನೋ ಅಲುಗದ ಮೇಜನ್ನೋ ಹಿಡಿದು ನಿಂತು ತುದಿಗಾಲಿನ ಮೇಲೆ ಏರಿ ಮೆಲ್ಲನೆ ಇಳಿಯಬಹುದು. ಇವೆಲ್ಲಕ್ಕಿಂತ ಮೇಲಾದುದು ನಡಿಗೆ.

“ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ” ಎನ್ನುವ ವೃದ್ಧರು ಪ್ರತಿಯೊಂದು ಬೀದಿಯಲ್ಲಿಯೂ ಇದ್ದಾರೆ. ಮನೆಯವರು ಇದನ್ನು ವಯೋಧರ್ಮವೆಂದು ತಿಳಿದು ಅವರನ್ನು ಕೂರಿಸಿಬಿಡುವರು. ಹಾಗೆ ಮಾಡಲಾಗದು. ಇದು ಶುದ್ಧರಕ್ತವನ್ನು ಕೆಳಕ್ಕೆ ಒಯ್ಯುವ ನಾಳಗಳು ಕಿರಿದಾದುದರ ಲಕ್ಷಣವಾಗಿರಬಹುದು. ನಡೆಯುವಾಗ ಮಾಂಸಖಂಡವು ಬೇಡುವಷ್ಟು ರಕ್ತ ಅಲ್ಲಿಗೆ ತಲುಪದು. ವೈದ್ಯರು ಕಣಕಾಲಿನ ರಕ್ತದೊತ್ತಡವನ್ನು ತೋಳಿನದರೊಡನೆ ಹೋಲಿಸಿ ಇದನ್ನು ಗುರುತಿಸುವರು. ಹಾಗೆ ನಿಶ್ಚಯವಾದ ಮೇಲೆ ಅವರು ಔಷಧದ ಜೊತೆಗೆ ಹೇಳುವ ಚಿಕಿತ್ಸೆ ನಡಿಗೆಯೇ ಎಂಬುದು ಕೇಳಿದವರಿಗೆ ವಿಚಿತ್ರವಾಗಿ ತೋರಬಹುದು. ನೋವು ಬಲವಾಗುವವರೆಗೆ ನಡೆಯುವುದು, ನಿಂತು ಅದು ಪೂರ್ತಿ ಇಳಿಯಗೊಡುವುದು, ಮತ್ತೆ ನಡೆಯುವುದು. ವಿಶ್ರಾಂತಿಯೂ ಸೇರಿ ಸುಮಾರು 30ರಿಂದ 45 ನಿಮಿಷ, ವಾರಕ್ಕೆ ಕನಿಷ್ಠ 3 ದಿನ, 12 ವಾರಗಳ ಪರ್ಯಂತ. ಇದರಿಂದ ನಾಳದ ಅಡಚಣೆ ಕರಗಿಹೋಗುವುದಿಲ್ಲ. ಆದರೆ ಅಂಗಡಿಯವರೆಗೆ ಹೋಗಲಾರದವರು ಅಂಗಡಿಯನ್ನು ದಾಟಿ ಹೋಗುವಂತಾಗುವುದುಂಟು. ಬೀಡಿ ಸಿಗರೇಟುಗಳನ್ನು ಬಿಡದವರ ವಿಷಯದಲ್ಲಿ ನಮಗೆ ಇಷ್ಟು ಭರವಸೆಯಿಲ್ಲ. ಜೊತೆಗೆ ಹೋಗುವ ಮಗನಾಗಲಿ ಮೊಮ್ಮಗಳಾಗಲಿ ದಾರಿಯಲ್ಲಿ ಅವಸರಪಡಿಸಬಾರದು. ಅಜ್ಜ ನಿಂತಾಗ ತಾವೂ ನಿಲ್ಲಬೇಕು.

ವ್ಯಾಯಾಮಕ್ಕೆ ಮೊದಲೇ ವೈದ್ಯರಿಗೆ ತೋರಿಸಬೇಕಾದ ಕಾಲುಗಳೂ ಇವೆ. ಮಲಗಿದಾಗಲೂ ಪಾದದಲ್ಲಿ ನೋವು, ಮಾಯದ ಹುಣ್ಣು, ಕಪ್ಪಾದ ಬೆರಳು ಇದ್ದರೆ ಒಂದು ದಿನವೂ ತಡಮಾಡಬಾರದು. ಎರಡು ಕಾಲೂ ಊದಿ ಏದುಸಿರು ಬರುತ್ತಿದ್ದರೆ ದೋಷವು ಹೃದಯದಲ್ಲಿರಬಹುದು. ಮಧುಮೇಹದವರು ಬರಿಗಾಲಿನಲ್ಲಿ ನಡೆಯದೆ, ಪ್ರತಿರಾತ್ರಿ ಅಂಗಾಲನ್ನು ಪರೀಕ್ಷಿಸಿಕೊಳ್ಳಬೇಕು. ಮುಳ್ಳು ಚುಚ್ಚಿದ್ದು ಅವರಿಗೆ ತಿಳಿಯದಿರಬಹುದು.

ಕಾಲು ಒತ್ತಿದರೆ ಸಾಲದೆ ಎಂದು ಕೇಳುವವರುಂಟು. ದಣಿದ ಕಾಲಿಗೆ ಅದು ಸುಖವೇ, ಮಕ್ಕಳಿಗೂ ಒಳ್ಳೆಯ ಅಭ್ಯಾಸ. ಆದರೆ ಒಂದೇ ಕಾಲು ಹಠಾತ್ತನೆ ಊದಿ, ಬಿಸಿಯೇರಿ, ನೋಯತೊಡಗಿದರೆ ಅದನ್ನು ಒತ್ತಲೂ ಬಾರದು, ಎಣ್ಣೆ ತಿಕ್ಕಲೂ ಬಾರದು. ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಆ ಹೆಪ್ಪು ಕದಲಿ ಶ್ವಾಸಕೋಶವನ್ನು ಸೇರಬಹುದು. ಅಂಥವರನ್ನು ಆ ದಿನವೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.