ಹೀರೆಕಾಯಿಯ ಮೇಲೆ ಹೊರಿಸಿದ ತಪ್ಪು

ಸಂಜೆ ಆರು ದಾಟಿದರೆ ಸಾಕು, ವಿಜಯವಾಡದ ಗಲ್ಲಿಗಳಲ್ಲಿ ಕರ್ರಿ ಪಾಯಿಂಟುಗಳ ಮುಂದೆ ಜನ ಸೇರುತ್ತಾರೆ. ಸ್ಟೀಲ್ ಟ್ರೇಗಳ ಸಾಲಿನಲ್ಲಿ ಗುತ್ತಿ ವಂಕಾಯ, ದೊಂಡಕಾಯ ವೇಪುಡು, ಗೋಂಗೂರ ಪಪ್ಪು, ಬೀರಕಾಯ ಕೂರ. ಅಂಗಡಿಯವನು ಸೌಟಿನಲ್ಲಿ ಎತ್ತಿ ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ಗಾಳಿ ಹಿಡಿದು, ಬಾಯಿಗೆ ಗಂಟು ಬಿಗಿದು ಕೊಡುತ್ತಾನೆ. ಮನೆಯಲ್ಲಿ ಕುಕ್ಕರ್ ಕೂಗಿದ್ದರೆ ಊಟ ತಯಾರು. ವಿಶಾಖಪಟ್ಟಣದಲ್ಲೂ ಇದೇ ನೋಟ. ಸೋರೆಕಾಯಿ ಅಲ್ಲಿ ‘ಆನಪಕಾಯ’ ಆಗುತ್ತದೆ, ವಿಜಯವಾಡದಲ್ಲಿ ‘ಸೊರಕಾಯ’, ಅಷ್ಟೇ ವ್ಯತ್ಯಾಸ.

ತರಕಾರಿಗೆ ಇಷ್ಟು ಮನ್ನಣೆ ಇರುವ ಈ ಊರುಗಳಲ್ಲೇ ತರಕಾರಿ ಕಂಡರೆ ಅಂಜುವವರೂ ಇದ್ದಾರೆ. ಹೂಕೋಸು ತಿಂದ ರಾತ್ರಿ ಹೊಟ್ಟೆ ಡೊಳ್ಳಿನಂತೆ ಬಿಗಿಯುತ್ತದೆ. ಸೊಪ್ಪಿನ ಪಪ್ಪು ಉಂಡರೆ ಆಫೀಸಿಗೆ ಹೋಗುವ ದಾರಿಯಲ್ಲಿ ಶೌಚಾಲಯ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ‘ಕೂರಗಾಯಲು ಪಡವು’ ಎನ್ನುವುದು ತೆಲುಗಿನವರ ಮಾತು; ನಮ್ಮ ‘ಒಗ್ಗುವುದಿಲ್ಲ’ ಎಂಬುದಕ್ಕೆ ಸರಿಸಮ. ಇದಕ್ಕೆ ನೆರೆಹೊರೆಯಿಂದ ಕ್ಲಿನಿಕ್ಕಿನವರೆಗೆ ಸಿಗುವ ಪರಿಹಾರ ಬಹುತೇಕ ಒಂದೇ: ಹಾಗಿದ್ದರೆ ಬಿಟ್ಟುಬಿಡಿ.

ಬಿಡುವುದು ಸುಲಭ. ಆದರೆ ಏನನ್ನು ಬಿಡಬೇಕು, ಎಷ್ಟು ದಿನ, ಮತ್ತೆ ಯಾವಾಗ, ಹೇಗೆ ಶುರು ಮಾಡಬೇಕು ಎಂದು ಹೇಳುವವರು ಸಿಗುವುದಿಲ್ಲ. ವಾರಕ್ಕೆಂದು ಹೇಳಿದ ಪಥ್ಯ ವರ್ಷಗಟ್ಟಲೆ ಎಳೆಯುತ್ತದೆ. ತಟ್ಟೆಯಲ್ಲಿ ಅನ್ನ, ಚಾರು, ಮೊಸರು ಮಾತ್ರ ಉಳಿಯುತ್ತವೆ. ಈ ಅರ್ಧ ಸಲಹೆಯೇ ಇಲ್ಲಿನ ನಿಜವಾದ ಸಮಸ್ಯೆ.

ಇನ್ನೊಂದು ಕಡೆ ಅಧಿಕೃತ ಮಾರ್ಗಸೂಚಿಗಳಿವೆ. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು–ತರಕಾರಿ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ 17 ಸೂತ್ರಗಳ ಆಹಾರ ಮಾರ್ಗಸೂಚಿ, ಹಣ್ಣು, ತರಕಾರಿ, ಸೊಪ್ಪು, ಗೆಡ್ಡೆಗಳೇ ತಟ್ಟೆಯ ಅರ್ಧ ಭಾಗ ತುಂಬಬೇಕು ಎಂದಿತು. ಗಟ್ಟಿ ಹೊಟ್ಟೆಯವರಿಗೆ ಇದು ಸರಿಯಾದ ಮಾತೇ. ಆದರೆ ಎಲ್ಲರ ಹೊಟ್ಟೆಯೂ ಗಟ್ಟಿಯಲ್ಲ. ರೋಮ್ ಫೌಂಡೇಶನ್ 33 ದೇಶಗಳಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಂತರ್ಜಾಲದಲ್ಲಿ ಉತ್ತರಿಸಿದವರಲ್ಲಿ ಶೇ 40ರಷ್ಟು ಮಂದಿಗೆ ಜೀರ್ಣಾಂಗದ ಒಂದಲ್ಲ ಒಂದು ಕ್ರಿಯಾತ್ಮಕ ತೊಂದರೆ ಇತ್ತು. ಸ್ಕ್ಯಾನಿಂಗಿನಲ್ಲಿ ಹುಣ್ಣಿಲ್ಲ, ಗಡ್ಡೆಯಿಲ್ಲ. ಕರುಳು ಮಾತ್ರ ಹೇಳಿದ ಹಾಗೆ ಕೇಳುವುದಿಲ್ಲ.

ಹಾಗೆಂದು ಇದು ಮನಸ್ಸಿನ ಭ್ರಮೆಯಲ್ಲ. ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದ ಪೀಟರ್ ಗಿಬ್ಸನ್ ಮತ್ತು ಸೂ ಶೆಫರ್ಡ್ 2005ರಲ್ಲಿ ‘ಫಾಡ್‌ಮ್ಯಾಪ್’ ಎಂಬ ಹೆಸರನ್ನು ಚಲಾವಣೆಗೆ ತಂದರು. ಸಣ್ಣ ಕರುಳು ಸರಿಯಾಗಿ ಹೀರಿಕೊಳ್ಳಲಾರದ ಕೆಲವು ಸಕ್ಕರೆಗಳ ಗುಂಪಿಗೆ ಇಟ್ಟ ಹೆಸರಿದು. ಈ ಸಕ್ಕರೆಗಳು ಕರುಳಿಗೆ ನೀರನ್ನು ಎಳೆದು ತರುತ್ತವೆ. ದೊಡ್ಡ ಕರುಳಿಗೆ ಇಳಿದಾಗ ಅಲ್ಲಿನ ಬ್ಯಾಕ್ಟೀರಿಯಾ ಇವನ್ನು ಹುಳಿಸಿ ಗಾಳಿ ಎಬ್ಬಿಸುತ್ತವೆ. ಸಾಮಾನ್ಯ ಕರುಳು ಸಹಿಸಿಕೊಳ್ಳುವ ಆ ಉಬ್ಬರ, ಸೂಕ್ಷ್ಮ ಕರುಳಿಗೆ ನೋವಾಗಿ ಕಾಡುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿಯಲ್ಲಿ ಫ್ರಕ್ಟಾನ್, ಬೇಳೆಕಾಳುಗಳಲ್ಲಿ ಗ್ಯಾಲಕ್ಟೊ-ಆಲಿಗೊಸ್ಯಾಕರೈಡ್, ಹೂಕೋಸು, ಅಣಬೆಯಲ್ಲಿ ಮ್ಯಾನಿಟಾಲ್. ಅದೇ ಮೊನಾಶ್ ಪಟ್ಟಿಯಲ್ಲಿ ಕ್ಯಾರೆಟ್, ಸೌತೆ ಸುಲಭವಾಗಿ ಒಗ್ಗುವ ಸಾಲಿನಲ್ಲಿವೆ. ಮಿತ ಪ್ರಮಾಣದಲ್ಲಾದರೆ ಬದನೆ, ಬೆಂಡೆ, ಬೀನ್ಸ್ ಕೂಡ ಅದೇ ಸಾಲಿಗೆ ಸೇರುತ್ತವೆ.

ಈ ಲೆಕ್ಕ ಹಿಡಿದು ಆಂಧ್ರದ ತಟ್ಟೆಯನ್ನು ನೋಡಿದರೆ ಆರೋಪಿ ಬದಲಾಗುತ್ತಾನೆ. ಕರ್ರಿ ಪಾಯಿಂಟಿನ ಬೀರಕಾಯ ಕೂರದಲ್ಲಿ ಹೀರೆಕಾಯಿ ಒಂಟಿಯಾಗಿಲ್ಲ. ಜೊತೆಗೆ ಹೆಚ್ಚಿದ ಈರುಳ್ಳಿ, ಶುಂಠಿ–ಬೆಳ್ಳುಳ್ಳಿ ಪೇಸ್ಟ್, ಮೇಲೆ ತೇಲುವ ಎಣ್ಣೆ, ಕೆಂಪು ಕಾರದ ಪುಡಿ. ಏಷ್ಯಾದ ಅತಿ ದೊಡ್ಡ ಮೆಣಸಿನಕಾಯಿ ಮಾರುಕಟ್ಟೆಯೆಂದು ಹೆಸರಾದ ಗುಂಟೂರು ವಿಜಯವಾಡದ ಪಕ್ಕದಲ್ಲೇ ಇದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಕರುಳಿನ ನರಗಳಲ್ಲಿರುವ ಟಿಆರ್‌ಪಿವಿ1 ಎಂಬ ಗ್ರಾಹಕವನ್ನು ಕೆರಳಿಸುತ್ತದೆ. ಇದೇ ಕ್ಯಾಪ್ಸೈಸಿನ್ ಬಳಸಿ ಆ ಗ್ರಾಹಕವನ್ನು ಪತ್ತೆಹಚ್ಚಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಉಂಡವರು ಮಾತ್ರ ಮರುದಿನ ‘ಹೀರೆಕಾಯಿ ಪಡಲಿಲ್ಲ’ ಎನ್ನುತ್ತಾರೆ. ಈರುಳ್ಳಿಯ ಹೆಸರನ್ನೇ ಎತ್ತುವುದಿಲ್ಲ. ಪ್ರತಿ ಅಡುಗೆಯಲ್ಲೂ ಇರುವುದರ ಮೇಲೆ ಯಾರಿಗೂ ಗುಮಾನಿ ಬರುವುದಿಲ್ಲ.

ವಿಚಿತ್ರವೆಂದರೆ ತೆಲುಗು ಮನೆಗಳಲ್ಲಿ ಬೀರಕಾಯಿ, ಪೊಟ್ಲಕಾಯಿ (ಪಡವಲ) ಪಥ್ಯದ ತರಕಾರಿಗಳು. ಬಾಣಂತಿಗೆ, ಜ್ವರದಿಂದ ಎದ್ದವರಿಗೆ ಮೊದಲು ಬಡಿಸುವುದು ಇವನ್ನೇ. ಎಳೆಯ ಹೀರೆಕಾಯಿಯ ಏಣು ಕೆತ್ತಿ, ತುಂಡು ಮಾಡಿ, ಹೆಸರುಬೇಳೆಯೊಂದಿಗೆ ಮೆತ್ತಗೆ ಬೇಯಿಸಿ, ಜೀರಿಗೆ–ಇಂಗಿನ ಒಗ್ಗರಣೆ ಕೊಟ್ಟರೆ ಆಯಿತು. ದೂರದ, ಗೋಜಲು ನೆಂಟಸ್ತಿಕೆಗೆ ತೆಲುಗರು ‘ಬೀರಕಾಯ ಪೀಚು ಚುಟ್ಟರಿಕಂ’ ಎನ್ನುತ್ತಾರೆ. ಪೀಚು ಎಂದರೆ ನಾರು. ಬಲಿತು ಒಣಗಿದ ಹೀರೆಕಾಯಿಯ ನಾರಿನಲ್ಲಿ ನಮ್ಮವರು ಬೆನ್ನುಜ್ಜಿಕೊಂಡದ್ದೂ ಉಂಟು. ಎಳೆಯದು ಪಥ್ಯ, ಬಲಿತದ್ದು ಬೆನ್ನುಜ್ಜುವ ಬ್ರಷ್. ‘ತರಕಾರಿ ತಿನ್ನಿ’, ‘ತರಕಾರಿ ಬಿಡಿ’ ಎಂಬ ಎರಡು ಸಲಹೆಗಳಲ್ಲೂ ಈ ಅಂತರಕ್ಕೆ ಜಾಗವಿಲ್ಲ.

ಕನ್ನಡದ ಅಡುಗೆಮನೆಗೂ ಈ ತಿಳಿವಳಿಕೆ ಹೊಸದಲ್ಲ. ಈರುಳ್ಳಿ–ಬೆಳ್ಳುಳ್ಳಿ ಸೋಕಿಸದೆ ನೂರಾರು ಜನರಿಗೆ ಬಡಿಸುವ ಉಡುಪಿಯ ಮಠದ ಅಡುಗೆ ಮಡಿಯ ಕಾರಣಕ್ಕೆ ರೂಪುಗೊಂಡದ್ದು. ಫ್ರಕ್ಟಾನ್ ಒಗ್ಗದವರಿಗೆ ಅದು ತಾನಾಗಿ ಒದಗಿದ ಅನುಕೂಲ.

ಕರುಳು ಕೆಟ್ಟರೆ ಸೊಪ್ಪಿನ ಸತ್ವ ಮೈಗೆ ಹತ್ತದು ಎಂಬ ಮಾತಿಗೆ ಆಂಧ್ರದ ಕರಾವಳಿಯಲ್ಲೇ ದೊಡ್ಡ ಇತಿಹಾಸವಿದೆ. 1895ರಲ್ಲಿ ಭೀಮಾವರಂನಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್ ತಮ್ಮ ಇಬ್ಬರು ಸಹೋದರರನ್ನು ‘ಟ್ರಾಪಿಕಲ್ ಸ್ಪ್ರೂ’ ಎಂಬ ಕರುಳಿನ ಕಾಯಿಲೆಗೆ ಕಳೆದುಕೊಂಡರು. ಅವರನ್ನೂ ಅದು ಹಾಸಿಗೆ ಹಿಡಿಸಿತ್ತು. ಆಯುರ್ವೇದ ವೈದ್ಯ ಆಚಂಟ ಲಕ್ಷ್ಮೀಪತಿ ಅವರ ಚಿಕಿತ್ಸೆಯಿಂದ ಚೇತರಿಸಿಕೊಂಡರು. ಸ್ಪ್ರೂ ಬಂದಾಗ ಸಣ್ಣ ಕರುಳಿನ ಒಳಪದರದ ಬೆರಳಿನಂಥ ಮಡಿಕೆಗಳು ಚಪ್ಪಟೆಯಾಗುತ್ತವೆ. ತಿಂದ ಆಹಾರದ ಪೋಷಕಾಂಶ ರಕ್ತಕ್ಕೆ ಸೇರುವುದಿಲ್ಲ, ರಕ್ತಹೀನತೆ ಕಾಣಿಸಿಕೊಳ್ಳುತ್ತದೆ. ಸುಬ್ಬರಾವ್ 1923ರಲ್ಲಿ ಹಾರ್ವರ್ಡ್‌ಗೆ ಹೋದರು, 1940ರಲ್ಲಿ ಲೆಡರ್ಲಿ ಪ್ರಯೋಗಾಲಯ ಸೇರಿದರು. ಅವರ ಮುಂದಾಳತ್ವದ ತಂಡ 1945ರಲ್ಲಿ ಫೋಲಿಕ್ ಆಮ್ಲವನ್ನು ಪ್ರಯೋಗಾಲಯದಲ್ಲೇ ತಯಾರಿಸಿತು. ಸ್ಪ್ರೂ ರೋಗಿಗಳಿಗೆ ಅದನ್ನು ಕೊಟ್ಟಾಗ ರಕ್ತ ಮತ್ತೆ ತುಂಬಿಕೊಂಡಿತು.

ಆ ಆಮ್ಲಕ್ಕೆ ಹೆಸರು ಬಂದದ್ದೇ ಎಲೆಯಿಂದ. ಲ್ಯಾಟಿನ್‌ನಲ್ಲಿ ‘ಫೋಲಿಯಂ’ ಎಂದರೆ ಎಲೆ. 1941ರಲ್ಲಿ ಟೆಕ್ಸಾಸಿನ ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿದ್ದರು. ಇಂದು ಗರ್ಭಿಣಿಯರಿಗೆ ಆರೋಗ್ಯ ಕೇಂದ್ರಗಳಲ್ಲಿ ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಇದೂ ಸೇರಿದೆ. ಹೊಟ್ಟೆಗೆ ಒಗ್ಗದೆಂದು ಸೊಪ್ಪು ಬಿಟ್ಟವರು ಕಳೆದುಕೊಳ್ಳುವುದು ಏನನ್ನು ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಈಗ ಕರುಳು ಸೂಕ್ಷ್ಮವಾಗಲು ಸ್ಪ್ರೂವೇ ಬರಬೇಕೆಂದಿಲ್ಲ. ಒಂದು ಸಲದ ತೀವ್ರ ಭೇದಿ ಸಾಕು. ಕರುಳಿನ ಸೋಂಕು ತಗುಲಿದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಮುಂದಿನ ವರ್ಷದೊಳಗೆ ‘ಇರಿಟಬಲ್ ಬವೆಲ್ ಸಿಂಡ್ರೋಮ್’ ಅಂದರೆ ಐಬಿಎಸ್ ಎಂಬ ಕರುಳಿನ ಕ್ರಿಯಾತ್ಮಕ ತೊಂದರೆ ಕಾಣಿಸಿಕೊಳ್ಳುತ್ತದೆ. ಕೆನಡಾದ ವಾಕರ್ಟನ್ ಪಟ್ಟಣದಲ್ಲಿ 2000ದ ಮೇ ತಿಂಗಳಲ್ಲಿ ಕುಡಿಯುವ ನೀರು ಕಲುಷಿತವಾಗಿ ಸಾವಿರಾರು ಜನ ಕಾಯಿಲೆ ಬಿದ್ದರು. ಎಂಟು ವರ್ಷಗಳ ನಂತರವೂ ಹಲವರ ಹೊಟ್ಟೆ ಸುಧಾರಿಸಿರಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಹೊಳೆ ಉಕ್ಕಿ ವಿಜಯವಾಡದ ಸಿಂಗ್‌ನಗರ ಮುಂತಾದ ಬಡಾವಣೆಗಳು ದಿನಗಟ್ಟಲೆ ನೀರಿನಲ್ಲಿ ನಿಂತವು. ಕೊಳಕು ನೀರು ಭೇದಿಯನ್ನು ತರುತ್ತದೆ, ಭೇದಿ ಹೋಗುವಾಗ ಕರುಳಿನ ಸಹನೆಯನ್ನೂ ಒಯ್ಯಬಹುದು. ಹಾಗಾಗಿ ‘ಹೊಟ್ಟೆ ಸೂಕ್ಷ್ಮ’ ಎಂಬುದನ್ನು ಉಳ್ಳವರ ನಾಜೂಕು ಎಂದು ನಕ್ಕು ಬಿಡುವಂತಿಲ್ಲ. ಅದರ ಒಂದು ಬೇರು ನಲ್ಲಿಯ ನೀರಿನಲ್ಲೂ ಇದೆ.

ಹಾಗಾದರೆ ಏನು ಮಾಡಬೇಕು? ಫಾಡ್‌ಮ್ಯಾಪ್ ಪದ್ಧತಿಯಲ್ಲಿ ಮೂರು ಹಂತಗಳಿವೆ. ಮೊದಲ ಎರಡರಿಂದ ಆರು ವಾರ ಶಂಕಿತ ಪದಾರ್ಥಗಳನ್ನು ದೂರವಿಡುವುದು; ನಂತರ ಒಂದೊಂದನ್ನೇ ಸಣ್ಣ ಪ್ರಮಾಣದಲ್ಲಿ ಮರಳಿ ತಂದು ಪರೀಕ್ಷಿಸುವುದು; ಕೊನೆಗೆ ಒಗ್ಗಿದವನ್ನೆಲ್ಲ ತಟ್ಟೆಗೆ ಸೇರಿಸಿಕೊಂಡು, ನಿಜವಾಗಿ ಕಾಡುವ ಒಂದೆರಡನ್ನು ಮಾತ್ರ ಮಿತಿಯಲ್ಲಿಡುವುದು. ನಮ್ಮಲ್ಲಿ ಬಹುತೇಕರು ಮೊದಲ ಹಂತದಲ್ಲೇ ಬೀಡು ಬಿಟ್ಟಿದ್ದಾರೆ. ಅಲ್ಲೇ ಉಳಿದರೆ ಕರುಳಿಗೆ ಹಿತವಾದ ಬೈಫಿಡೊ ಬ್ಯಾಕ್ಟೀರಿಯಾಗಳೇ ಕಡಿಮೆಯಾಗುತ್ತವೆ ಎಂದು ಅಧ್ಯಯನಗಳು ತೋರಿಸಿವೆ. ಉಪವಾಸ ಬಿದ್ದ ಕರುಳು ಇನ್ನಷ್ಟು ನಾಜೂಕಾಗುತ್ತದೆ.

ಎರಡನೇ ಹಂತಕ್ಕೆ ಕೈ ಹಿಡಿದು ನಡೆಸುವವರು ಬೇಕು. ಆ ಕೆಲಸ ಆಹಾರ ತಜ್ಞರದ್ದು. 2021ರ ರಾಷ್ಟ್ರೀಯ ಪೂರಕ ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆ ಈ ವೃತ್ತಿಗೆ ಕಾನೂನಿನ ಮಾನ್ಯತೆ ಕೊಟ್ಟಿದೆ. ಆದರೂ ಆಹಾರ ತಜ್ಞರೆಂದರೆ ಮಧುಮೇಹ, ಡಯಾಲಿಸಿಸ್ ಅಥವಾ ತೂಕ ಇಳಿಸುವವರಿಗೆ ಎಂಬ ಭಾವನೆಯೇ ಗಟ್ಟಿಯಾಗಿದೆ. ವಿಶಾಖಪಟ್ಟಣದ ಕಿಂಗ್ ಜಾರ್ಜ್ ಆಸ್ಪತ್ರೆಗೆ ನೂರು ವರ್ಷ ದಾಟಿದೆ. ವಿಜಯವಾಡದ ಹತ್ತಿರ ಮಂಗಳಗಿರಿಯಲ್ಲಿ ಏಮ್ಸ್ ಬಂದಿದೆ. ಇಂಥ ದೊಡ್ಡ ಆಸ್ಪತ್ರೆಗಳ ಹೊರರೋಗಿ ವಿಭಾಗದಿಂದ ಹಿಡಿದು ತಾಲ್ಲೂಕು ಆಸ್ಪತ್ರೆಯವರೆಗೆ, ಹೊಟ್ಟೆನೋವಿನ ಚೀಟಿಯ ಜೊತೆಗೇ ಆಹಾರ ತಜ್ಞರ ಹದಿನೈದು ನಿಮಿಷ ಸಿಗುವಂತಾದರೆ ಅನೇಕ ಮಾತ್ರೆಗಳು ಉಳಿಯುತ್ತವೆ. ಬೆಂಗಳೂರು, ಹುಬ್ಬಳ್ಳಿಗಳಿಗೂ ಈ ಮಾತು ಅನ್ವಯಿಸುತ್ತದೆ.

ಆಸ್ಟ್ರೇಲಿಯಾದ ಪಟ್ಟಿಯನ್ನು ಹಾಗೇ ತಂದು ಗೋಡೆಗೆ ಅಂಟಿಸಿದರೂ ಸಾಲದು. ನಮ್ಮ ಅಡುಗೆಯ ಭಾಷೆಗೆ ಅದನ್ನು ಇಳಿಸಬೇಕು. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಆದ್ದರಿಂದ ಎಣ್ಣೆಯಲ್ಲಿ ಬೆಳ್ಳುಳ್ಳಿ ಹುರಿದು, ಎಸಳುಗಳನ್ನು ತೆಗೆದುಹಾಕಿ, ಆ ಎಣ್ಣೆಯಲ್ಲೇ ಒಗ್ಗರಣೆ ಮಾಡಿದರೆ ಘಮ ಉಳಿಯುತ್ತದೆ, ತೊಂದರೆ ಉಳಿಯುವುದಿಲ್ಲ. ಸಾರಿನಲ್ಲಿ ಕುದಿಸಿದ ಬೆಳ್ಳುಳ್ಳಿಯನ್ನು ತಟ್ಟೆಯ ಅಂಚಿಗೆ ಎತ್ತಿಟ್ಟರೆ ಮಾತ್ರ ಪ್ರಯೋಜನವಿಲ್ಲ. ಅದರ ಸಕ್ಕರೆ ಆಗಲೇ ಸಾರಿಗೆ ಇಳಿದಿರುತ್ತದೆ. ಈರುಳ್ಳಿ ಹೂವಿನ ಬಿಳಿ ಗೆಡ್ಡೆ ಬಿಟ್ಟು ಹಸಿರು ಭಾಗ ಹಾಕಬಹುದು. ಕಡಲೆ, ಅಲಸಂದೆಯನ್ನು ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಬೇಕು. ಸೊಪ್ಪಿನ ವಿಷಯದಲ್ಲಿ ಇದು ತಿರುಗುಮುರುಗು: ಬೇಯಿಸಿದ ನೀರು ಚೆಲ್ಲಿದರೆ ಫೋಲೇಟೂ (ಸೊಪ್ಪಿನಲ್ಲಿರುವ ಫೋಲಿಕ್ ಆಮ್ಲ) ಅದರ ಜೊತೆ ಹೋಗುತ್ತದೆ, ಹಾಗಾಗಿ ಆ ನೀರು ಸಾರಿಗೇ ಸೇರಬೇಕು. ನಾರಿನಲ್ಲೂ ಎರಡು ಬಗೆ. ಐಬಿಎಸ್ ಇರುವವರಿಗೆ ಗೋಧಿ ಬೂಸಾದಂಥ ಒರಟು ನಾರಿಗಿಂತ ಇಸಬ್‌ಗೋಲ್‌ನಂಥ ನೀರಿನಲ್ಲಿ ಕರಗುವ ನಾರು ಹಿತವೆಂದು ಅಮೆರಿಕದ ಜಠರ–ಕರುಳು ತಜ್ಞರ 2021ರ ಮಾರ್ಗಸೂಚಿ ಹೇಳುತ್ತದೆ.

ಪ್ರಮಾಣವೂ ಮುಖ್ಯ. ಮಧ್ಯಾಹ್ನ ಒಂದೇ ಸಲ ಕಾಲು ಕಿಲೋ ಪಲ್ಯ ತಿಂದು ನರಳುವ ಹೊಟ್ಟೆ, ಅದನ್ನೇ ಬೆಳಿಗ್ಗೆಯ ಉಪ್ಪಿಟ್ಟಿಗೆ ಒಂದು ಹಿಡಿ, ಮಧ್ಯಾಹ್ನದ ಬೇಳೆಗೆ ಒಂದು ಹಿಡಿ, ರಾತ್ರಿಯ ಕೂಟಿಗೆ ಒಂದು ಹಿಡಿ ಎಂದು ಹಂಚಿದರೆ ಸದ್ದಿಲ್ಲದೆ ಅರಗಿಸಿಕೊಳ್ಳಬಹುದು. ಎಂಟು ದಿನ ನೋಡಿ ಹಿಡಿಯನ್ನು ತುಸು ದೊಡ್ಡದು ಮಾಡಬಹುದು.

ಅಡ್ಡದಾರಿಗಳೂ ಇವೆ. ವಾಯುವಿಹಾರಿಗಳಿಗೆ ಬೆಳ್ಳಂಬೆಳಿಗ್ಗೆ ಮಾರುವ ಹಸಿ ತರಕಾರಿ ರಸ ಅಂಥದ್ದೊಂದು. ಕಹಿ ಸೋರೆಕಾಯಿಯ ಕುಕರ್ಬಿಟಾಸಿನ್ ವಿಷ ಪ್ರಾಣವನ್ನೇ ತೆಗೆದ ಪ್ರಕರಣಗಳ ನಂತರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನೇಮಿಸಿದ ತಜ್ಞರ ಸಮಿತಿ, ಕಹಿ ಎನಿಸಿದ ಸೋರೆಕಾಯಿ ರಸವನ್ನು ಕುಡಿಯಲೇಬಾರದೆಂದು ಎಚ್ಚರಿಸಿತ್ತು. ಇನ್ನು, ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತವಿದ್ದರೆ, ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ, ನಡುವಯಸ್ಸು ದಾಟಿದ ಮೇಲೆ ಮೊದಲ ಸಲ ಹೊಟ್ಟೆ ಕೆಟ್ಟಿದ್ದರೆ ಅಡುಗೆ ಬದಲಿಸುತ್ತ ಕೂರುವ ಹೊತ್ತು ಅದಲ್ಲ. ಕರುಳಿನ ಕ್ಷಯ, ಸೀಲಿಯಾಕ್, ಕ್ಯಾನ್ಸರ್ ಯಾವುದೂ ಅಲ್ಲವೆಂದು ಮೊದಲು ವೈದ್ಯರು ಖಚಿತಪಡಿಸಬೇಕು.

ಇದನ್ನೆಲ್ಲ ಜನರಿಗೆ ಮುಟ್ಟಿಸಲು ಹೊಸ ಕಚೇರಿ ಬೇಕಿಲ್ಲ. ಅವಿಭಜಿತ ಆಂಧ್ರಪ್ರದೇಶ 1999ರ ಜನವರಿಯಲ್ಲಿ ಶುರು ಮಾಡಿದ ರೈತು ಬಜಾರುಗಳು ಇಂದಿಗೂ ಈ ಎರಡು ನಗರಗಳ ತರಕಾರಿ ಚೀಲ ತುಂಬುತ್ತಿವೆ. ವಿಶಾಖಪಟ್ಟಣದ ಎಂವಿಪಿ ಕಾಲೊನಿಯಲ್ಲಾಗಲಿ, ವಿಜಯವಾಡದ ಪಟಮಟದಲ್ಲಾಗಲಿ ಅಂದಿನ ದರವನ್ನು ಫಲಕದ ಮೇಲೆ ಬರೆದು ನಿಲ್ಲಿಸುತ್ತಾರೆ. ಕೊಳ್ಳುವವರು ಕತ್ತೆತ್ತಿ ಓದುವ ಫಲಕ ಅದೊಂದೇ. ಅದರ ಕೆಳಗೆ ಇನ್ನೆರಡು ಸಾಲಿಗೆ ಜಾಗವಿದೆ: ಇವತ್ತು ಎಳೆಯದು ಬಂದಿರುವ ತರಕಾರಿ ಯಾವುದು, ಮತ್ತು ಸೂಕ್ಷ್ಮ ಹೊಟ್ಟೆಯವರು ಅದನ್ನು ಈರುಳ್ಳಿಯಿಲ್ಲದೆ ಬೇಯಿಸುವುದು ಹೇಗೆ. ಕರ್ರಿ ಪಾಯಿಂಟಿನ ಹತ್ತು ಟ್ರೇಗಳ ಪಕ್ಕದಲ್ಲಿ ‘ಪಥ್ಯಂ’ ಎಂದು ಚೀಟಿ ಅಂಟಿಸಿದ ಹನ್ನೊಂದನೆಯದೊಂದು ಬಂದರೆ ಅದಕ್ಕೂ ಗಿರಾಕಿಗಳಿದ್ದಾರೆ. ಸದ್ಯಕ್ಕೆ ಅವರು ಪಕ್ಕದ ಅಂಗಡಿಯಲ್ಲಿ ಮೊಸರಿನ ಪೊಟ್ಟಣ ಕೊಂಡು ಮನೆಗೆ ಹೋಗುತ್ತಿದ್ದಾರೆ.