ಪಟ್ಟಿ ಕೆಟ್ಟಿಲ್ಲ, ಜೋಡಿ ತಪ್ಪಿದೆ



ಕಾಗವಾಡ, ಉಗಾರ, ಶೇಡಬಾಳದ ಕಡೆ ಹೊಸ ಮನೆ ಕಟ್ಟಿಸುವವರು ಈಗ ಪಿಒಪಿ ಸೀಲಿಂಗಿನ ಅಂಚಿನೊಳಗೆ ಎಲ್‌ಇಡಿ ಪಟ್ಟಿ ಹಾಕಿಸುವುದು ರೂಢಿಯಾಗಿದೆ. ಮಂದಿ ಬಂದಾಗ ಬೆಳಕು ಹೆಚ್ಚಿರಬೇಕು, ರಾತ್ರಿ ತಗ್ಗಬೇಕು ಎಂಬ ಆಸೆಯೂ ಸಹಜವೇ. ತಂಟೆ ಶುರುವಾಗುವುದು ಅಲ್ಲಿಂದ.

ಕಾಗವಾಡದ ಒಂದು ಮನೆಯ ಪಡಸಾಲೆಗೆ 12 ವೋಲ್ಟಿನ ಪಟ್ಟಿ ಹಾಕಿ, ಬೆಳಕು ತಗ್ಗಿಸಲು ಫ್ಯಾನಿನ ರೆಗ್ಯುಲೇಟರನ್ನೇ ಕೂಡಿಸಲಾಗಿತ್ತು. ಪೂರ್ತಿ ತಿರುಗಿಸಿದರೆ ಬೆಳಕು ಸರಿಯಾಗಿಯೇ ಇತ್ತು. ಅರ್ಧಕ್ಕೆ ಇಳಿಸಿದೊಡನೆ ಪಟ್ಟಿ ಪಟಪಟ ಮಿಟುಕುತ್ತಿತ್ತು, ಸೀಲಿಂಗಿನೊಳಗಿಂದ ಗುಂಯ್ ಎಂಬ ಸದ್ದು ಬರುತ್ತಿತ್ತು. ಇನ್ನೂ ಇಳಿಸಿದರೆ ಥಟ್ಟನೆ ಆರಿ ಮತ್ತೆ ಹತ್ತುತ್ತಿತ್ತು. “ಪಟ್ಟೀನ ಕೆಟ್ಟೈತ್ರಿ ಕಾಕಾ, ಹೊಸಾದು ಹಾಕಬೇಕಾಗ್ತೈತಿ” ಎಂದ ವಾಯರ್‌ಮನ್. ಹೊಸದೂ ಹಾಗೆಯೇ ಮಿಟುಕಿತು. ಮೂರನೆಯದಕ್ಕೆ ದುಡ್ಡು ಎಣಿಸುವ ಹೊತ್ತಿಗೆ ಮನೆಯ ಮಗಳು, ರೆಗ್ಯುಲೇಟರ್ ತೆಗೆದು ನೇರ ಕರೆಂಟು ಕೊಟ್ಟು ನೋಡಿರೆಂದು ಹಟ ಹಿಡಿದಳು. ಪಟ್ಟಿ ಒಂದಿಷ್ಟೂ ಕದಲದೆ ಬೆಳಗಿತು. ಅಟ್ಟಕ್ಕೆ ಎಸೆದಿದ್ದ ಮೊದಲಿನ ಪಟ್ಟಿಯೂ ಬೆಳಗಿತು!

ಕೆಟ್ಟಿದ್ದು ಯಾವುದೂ ಅಲ್ಲ. ಎಲೆಕ್ಟ್ರಾನಿಕ್ ರೆಗ್ಯುಲೇಟರಿನೊಳಗಿನ ಟ್ರಯಾಕ್ ಎಂಬ ಬಿಡಿಭಾಗ 230 ವೋಲ್ಟಿನ ಕರೆಂಟಿನ ಪ್ರತಿ ಅಲೆಯಲ್ಲೂ ಒಂದಷ್ಟು ಪಾಲನ್ನು ಕತ್ತರಿಸುತ್ತದೆ. ಹಳೆಯ 60 ವ್ಯಾಟಿನ ಬಲ್ಬಿಗೆ ಅದು ಒಗ್ಗುತ್ತಿತ್ತು. ಕಾದ ತಂತಿ ಅಷ್ಟರೊಳಗೆ ಆರುತ್ತಿರಲಿಲ್ಲ. ಮನೆಯ ಕರೆಂಟನ್ನು ಪಟ್ಟಿಗೆ ತಕ್ಕಂತೆ ಇಳಿಸಿಕೊಡುವ ಎಲ್‌ಇಡಿ ಡ್ರೈವರಿನ ಗುಣ ಬೇರೆ. ಒಳಗೆ ಬರುವ ಕರೆಂಟು ಏರಲಿ ಇಳಿಯಲಿ, ಹೊರಗೆ ಸ್ಥಿರವಾಗಿ 12 ವೋಲ್ಟ್ ಕೊಡುವುದೇ ಅದರ ಕೆಲಸ. ರೆಗ್ಯುಲೇಟರ್ ಕತ್ತರಿಸುತ್ತದೆ, ಡ್ರೈವರ್ ತುಂಬಿಕೊಡಲು ಹೆಣಗುತ್ತದೆ, ಆಗದಾಗ ಕೈಬಿಡುತ್ತದೆ, ಮರುಕ್ಷಣ ಮತ್ತೆ ಶುರುವಾಗುತ್ತದೆ. ಕಣ್ಣಿಗೆ ಕಾಣುವ ಮಿಟುಕು ಇದೇ ಹೆಣಗಾಟ.

ಪರಿಹಾರವೂ ದೊಡ್ಡದಲ್ಲ. ಬೆಳಕು ತಗ್ಗಿಸುವ ಸಾಧನವನ್ನು ಡ್ರೈವರಿನ ಆಚೆ, ಅಂದರೆ ಡ್ರೈವರಿಗೂ ಪಟ್ಟಿಗೂ ನಡುವೆ ಹಾಕಬೇಕು. ಪಿಡಬ್ಲ್ಯೂಎಂ ಡಿಮ್ಮರ್ ಎಂದು ಕೇಳಿದರೆ ಸಿಗುತ್ತದೆ. ಗೋಡೆಯ ಮೇಲಿನ ಡಿಮ್ಮರೇ ಬೇಕೆಂದರೆ ಟ್ರಯಾಕ್ ಡಿಮ್ಮರಿಗೆ ಹೊಂದುತ್ತದೆಂದು ಬರೆದಿರುವ ಡ್ರೈವರನ್ನೇ ತರಬೇಕು. ಆಗಲೂ ಡಿಮ್ಮರಿಗೆ ಬೇಕಾದ ಕನಿಷ್ಠ ಲೋಡು ಎಷ್ಟೆಂದು ನೋಡಿಕೊಳ್ಳಬೇಕು. ರಿಮೋಟಿನ ಬಣ್ಣದ ಪಟ್ಟಿಗೆ ಅದರ ಕಂಟ್ರೋಲರೇ ಡಿಮ್ಮರ್, ಮೇಲೊಂದು ಹಾಕಬಾರದು.

ಲೆಕ್ಕದಲ್ಲೂ ಎಡವುವುದುಂಟು. ಮೀಟರಿಗೆ 14.4 ವ್ಯಾಟ್ ಎಳೆಯುವ ಪಟ್ಟಿ 5 ಮೀಟರಿಗೆ 72 ವ್ಯಾಟ್ ಎಳೆಯುತ್ತದೆ, 12 ವೋಲ್ಟಿನಲ್ಲಿ ಅದು 6 ಆಂಪಿಯರ್. ಇಂಥದಕ್ಕೆ 60 ವ್ಯಾಟಿನ ಡ್ರೈವರ್ ಕೊಟ್ಟು ಕಳಿಸಿದರೆ ಡಿಮ್ಮರ್ ಇಲ್ಲದೆಯೂ ಮಿಟುಕೀತು. ಐದನೆಯ ಒಂದು ಪಾಲಾದರೂ ಹೆಚ್ಚಿನ ಶಕ್ತಿಯದು ಬೇಕು. ಇನ್ನು ಪಟ್ಟಿಯ ಕೊನೆಯ ತುದಿ ಮಾತ್ರ ಮಂಕಾದರೆ ಅದು ದಾರಿಯಲ್ಲಿ ವೋಲ್ಟೇಜ್ ಇಳಿದ ಗುರುತು. ಎರಡೂ ತುದಿಯಿಂದ ಕರೆಂಟು ಕೊಡಬೇಕಾಗುತ್ತದೆ.

ಇಷ್ಟು ಮಾಹಿತಿ ಅಂಗಡಿಯ ಕಟ್ಟೆಯಲ್ಲೇ ಗಿರಾಕಿಗೆ ಸಿಗಬೇಕಿತ್ತು, ಸಿಗುತ್ತಿಲ್ಲ. ಎಲ್‌ಇಡಿ ಡ್ರೈವರಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. ಅದರ ಮೈಮೇಲೆ ಐಎಸ್ 15885 ಎಂಬ ಮಾನಕವೂ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯೂ ಇರಬೇಕು. ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿ ಯಾರಾದರೂ ತಾಳೆ ನೋಡಬಹುದು. ಆದರೆ ಆ ಮಾನಕ ಕಾಯುವುದು ಸುರಕ್ಷತೆಯನ್ನು. ಯಾವ ಡಿಮ್ಮರಿನೊಂದಿಗೆ ಈ ಡ್ರೈವರ್ ಹೊಂದುತ್ತದೆ ಎಂಬ ಪ್ರಶ್ನೆಗೆ ಆ ಸಂಖ್ಯೆಯಲ್ಲಿ ಉತ್ತರವಿಲ್ಲ. ಪೊಟ್ಟಣದ ಮೇಲಿನ ಕಡ್ಡಾಯ ವಿವರಗಳಿಗೂ 2011ರ ನಿಯಮದ ಪ್ರಕಾರ ಹಿಂದಿ ಇಲ್ಲವೆ ಇಂಗ್ಲಿಷ್ ಸಾಕು; ಆ ನಿಯಮ ಕನ್ನಡವನ್ನು ಕಡ್ಡಾಯ ಮಾಡಿಲ್ಲ. ಸಾಲ ಮಾಡಿ ಮನೆ ಕಟ್ಟುವವರು ಒಂದೇ ಬೆಳಕಿಗೆ ಎರಡೆರಡು ಸಲ ದುಡ್ಡು ತೆರುತ್ತಿರುವುದು ಈ ಸಂದಿನಲ್ಲಿ. ಇದು ಅನ್ಯಾಯ.

ಹಾಗಾಗಿ ಮಾನಕ ಬ್ಯೂರೋ, ಡ್ರೈವರ್ ಡಿಮ್ ಆಗುತ್ತದೆಯೇ, ಆಗುವುದಾದರೆ ಯಾವ ಬಗೆಯ ಡಿಮ್ಮರಿನಿಂದ ಎಂಬುದನ್ನು ಡ್ರೈವರಿನ ಮೇಲೆಯೇ ಅಚ್ಚು ಹಾಕಿಸುವುದನ್ನು ಕಡ್ಡಾಯ ಮಾಡಬೇಕು. ಐಟಿಐಗಳಲ್ಲಿ ಎಲೆಕ್ಟ್ರಿಷಿಯನ್ ಕಲಿಯುವ ಹುಡುಗರಿಗೆ ಒಂದು ಪಟ್ಟಿ, ಒಂದು ಡ್ರೈವರ್, ಮೂರು ಬಗೆಯ ಡಿಮ್ಮರ್ ಮೇಜಿನ ಮೇಲಿಟ್ಟು ಒಂದು ದಿನ ತೋರಿಸಿದರೂ ಸಾಕು, ಊರಿನ ಎಷ್ಟೋ ಪಟ್ಟಿಗಳು ತಿಪ್ಪೆ ಸೇರುವುದು ತಪ್ಪುತ್ತದೆ.

ಈ ಭಾಗದವರು ಸಾಮಾನು ತರುವುದು ಹೆಚ್ಚಾಗಿ ಗಡಿಯಾಚೆಯ ಮಿರಜ, ಸಾಂಗಲಿಯಿಂದ. ಬೇರೆ ರಾಜ್ಯದ ಅಂಗಡಿ, ಯಾರಿಗೆ ದೂರುವುದೆಂದು ಸುಮ್ಮನಾಗುವವರು ಬಹಳ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಮಿರಜದಲ್ಲಿ ಕೊಂಡದ್ದಕ್ಕೂ ಬೆಳಗಾವಿಯಲ್ಲಿ ನ್ಯಾಯ ಕೇಳಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಆದರೆ ಕೈಯಲ್ಲಿ ಬಿಲ್ಲು ಇರಬೇಕು, ಆ ಬಿಲ್ಲಿನ ಮೇಲೆ ಡ್ರೈವರಿನ ವೋಲ್ಟು, ವ್ಯಾಟು ಮತ್ತು ‘ಡಿಮ್ ಆಗುತ್ತದೆ’ ಎಂಬ ಮಾತನ್ನು ಅಂಗಡಿಯವರಿಂದಲೇ ಬರೆಸಿಕೊಂಡು ಬರಬೇಕು.

— ಒಬ್ಬ ಓದುಗ, ಕಾಗವಾಡ