ಸರ್ಪಸುತ್ತು: ಮೊದಲು ಮಾತ್ರೆ, ಆಮೇಲೆ ಮಂತ್ರ

ನಮ್ಮೂರುಗಳಲ್ಲಿ ಸರ್ಪಸುತ್ತು ಬಂದರೆ ಆಸ್ಪತ್ರೆಗಿಂತ ಮೊದಲು ನೆನಪಾಗುವುದು ಕೆಮ್ಮಣ್ಣು. ಯಾರೋ ಒಬ್ಬರು ಮಂತ್ರ ಹೇಳುತ್ತಾ ಗುಳ್ಳೆಗಳ ಸುತ್ತ ಗೆರೆ ಎಳೆಯುತ್ತಾರೆ. ಹೆಡೆ-ಬಾಲ ಕೂಡಿದರೆ ಜೀವ ಹೋಗುತ್ತದೆ ಎಂದು ಹೆದರಿಸುತ್ತಾರೆ. ಮೂರು ದಿನ ಬಂದು ಬರೆಸಿಕೊಳ್ಳಿ ಅನ್ನುತ್ತಾರೆ. ನಮ್ಮ ತಕರಾರು ಇರುವುದು ಆ ಮೂರು ದಿನದ ಬಗ್ಗೆ.

ನಮ್ಮ ತಂಡದ ಒಬ್ಬರ ದೊಡ್ಡಮ್ಮ ಹಾಗೆ ಕಾದವರು. ಗುಳ್ಳೆ ಒಣಗಿ ವರ್ಷವಾಯಿತು. ಇವತ್ತಿಗೂ ಅಲ್ಲಿ ರವಿಕೆ ಸೋಕಿದರೆ ಬೆಂಕಿ ತಾಗಿದ ಹಾಗೆ ಉರಿ.

ಸರ್ಪಸುತ್ತು ನಾಗದೋಷವಲ್ಲ, ಯಾರ ಶಾಪವೂ ಅಲ್ಲ. ಹರ್ಪಿಸ್ ಕುಟುಂಬದ ಒಂದು ವೈರಸ್, ಹೆಸರು ವ್ಯಾರಿಸೆಲ್ಲಾ ಜೋಸ್ಟರ್. ಚಿಕ್ಕಂದಿನಲ್ಲಿ 'ಅಮ್ಮ' ಬಂತು ಅನ್ನುತ್ತಿದ್ದೆವಲ್ಲ, ಆ ಚಿಕನ್‌ಪಾಕ್ಸ್ ತರುವುದೂ ಇದೇ. ಹರ್ಪಿಸ್ ಅಂದ ಕೂಡಲೇ ನಾಚಬೇಕಾಗಿಲ್ಲ. ಲೈಂಗಿಕ ಸಂಪರ್ಕದಿಂದ ಹರಡುವುದು ಅದೇ ಕುಟುಂಬದ ಬೇರೆ ವೈರಸ್.

ಇದು ಮೈಯೊಳಗೆ ಹೊಗುವ ರೀತಿ ನೋಡಿ. ವೈರಸ್ಸಿನ ಮೈಮೇಲೆ ಕೊಬ್ಬಿನ ಹೊದಿಕೆ, ಅದರ ತುಂಬ ಪ್ರೋಟೀನ್ ಮುಳ್ಳುಗಳು. ಉತ್ತರಾಣಿ ಬೀಜ ಪಂಚೆಗೆ ಅಂಟುವ ಹಾಗೆ ಈ ಮುಳ್ಳುಗಳು ನಮ್ಮ ಜೀವಕೋಶಕ್ಕೆ ಅಂಟುತ್ತವೆ. ಆಮೇಲೆ ಎರಡು ಎಣ್ಣೆ ಹನಿ ಸೇರಿದ ಹಾಗೆ ವೈರಸ್ಸಿನ ಹೊದಿಕೆ, ಕೋಶದ ಪೊರೆ ಎರಡೂ ಬೆಸೆದುಕೊಳ್ಳುತ್ತವೆ. ಒಳಗಿನ ತಿರುಳು ಕೋಶಕೇಂದ್ರದ ಬಾಗಿಲಿಗೆ ಹೋಗಿ ತನ್ನ ಡಿಎನ್‌ಎಯನ್ನು ಒಳಕ್ಕೆ ಬಿಡುತ್ತದೆ. ಅಲ್ಲಿಂದ ಆ ಕೋಶ ದುಡಿಯುವುದು ವೈರಸ್ಸಿಗಾಗಿ.

ಅಮ್ಮ ಇಳಿದ ಮೇಲೂ ವೈರಸ್ ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಹತ್ತಾರು ವರ್ಷ ಸುಮ್ಮನೆ ಮಲಗಿರುತ್ತದೆ. ವಯಸ್ಸಾಗಿ ಅಥವಾ ಬೇರೆ ಕಾಯಿಲೆಯಿಂದ ಮೈಯ ತಡೆಶಕ್ತಿ ಕುಗ್ಗಿದಾಗ ಏಳುತ್ತದೆ. ಒಂದು ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ. ಅದಕ್ಕೇ ಗುಳ್ಳೆಗಳು ಪಟ್ಟಿಯ ಹಾಗೆ ಏಳುವುದು. ಎಡದ ನರ ಎಡಕ್ಕೆ, ಬಲದ ನರ ಬಲಕ್ಕೆ. ಹಾಗಾಗಿ ಸಾಮಾನ್ಯವಾಗಿ ಪಟ್ಟಿ ಮೈಯ ನಡುಗೆರೆಯಲ್ಲೇ ನಿಲ್ಲುತ್ತದೆ. ಹೆಡೆ-ಬಾಲ ಕೂಡದಂತೆ ತಡೆದದ್ದು ನಮ್ಮ ನರಗಳ ಜೋಡಣೆ, ಕೆಮ್ಮಣ್ಣಲ್ಲ.

'ನನಗೆ ಮಂತ್ರದಿಂದಲೇ ವಾಸಿಯಾಯಿತು' ಅನ್ನುವವರಿದ್ದಾರೆ. ಹೆಚ್ಚಿನವರಿಗೆ ಗುಳ್ಳೆ 2ರಿಂದ 4 ವಾರದಲ್ಲಿ ತಾನಾಗಿ ಒಣಗುತ್ತದೆ. ಹೆಸರು ಮಂತ್ರಕ್ಕೆ ಬರುತ್ತದೆ. ಆದರೆ ಗುಳ್ಳೆ ಹೋದರೂ ನರದ ನೋವು ಉಳಿದವರ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಇದಕ್ಕೆ ಔಷಧ ಇದೆ, ಎಸೈಕ್ಲೋವಿರ್. ವೈರಸ್ ತನ್ನ ಡಿಎನ್‌ಎ ನಕಲು ಮಾಡುವುದನ್ನೇ ಇದು ತಡೆಯುತ್ತದೆ. ಇಂಥ ಔಷಧಗಳ ದಾರಿ ತೆರೆದ ಗರ್ಟ್ರೂಡ್ ಎಲಿಯನ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ಆದರೆ ಗುಳ್ಳೆ ಕಂಡ 72 ಗಂಟೆಯೊಳಗೆ ಶುರು ಮಾಡಿದರೆ ಇದರ ಪ್ರಯೋಜನ ಹೆಚ್ಚು. ಎಪ್ಪತ್ತೆರಡು ಗಂಟೆ ಅಂದರೆ ಸರಿಯಾಗಿ ಮೂರು ದಿನ. ಕೆಮ್ಮಣ್ಣು ತಿನ್ನುವುದು ಅದೇ ಮೂರು ದಿನವನ್ನು.

ಬರೆಯುವ ಅಜ್ಜನ ಮೇಲೆ ನಮಗೆ ಸಿಟ್ಟಿಲ್ಲ. ಆಸ್ಪತ್ರೆ ಇಲ್ಲದ ಕಾಲದಲ್ಲಿ ಜನರಿಗೆ ಧೈರ್ಯ ಹೇಳಿದವರು ಅವರು. ಸಿಟ್ಟಿರುವುದು ಓದಿಕೊಂಡೂ ಮಂತ್ರದ ವಿಡಿಯೊ ಫಾರ್ವರ್ಡ್ ಮಾಡುವವರ ಮೇಲೆ. 'ಮಾತ್ರೆ ಸ್ಟಾಕ್ ಇಲ್ಲ, ಪೇಟೆಗೆ ಹೋಗಿ' ಎಂದು ಕಳಿಸುವ ವ್ಯವಸ್ಥೆಯ ಮೇಲೆ. ಎಸೈಕ್ಲೋವಿರ್ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಪಟ್ಟಿಯಲ್ಲಿದ್ದು ಹಳ್ಳಿಯ ಕಪಾಟಿನಲ್ಲಿ ಇಲ್ಲದಿದ್ದರೆ ಏನು ಬಂತು? ಮುಂದಿನ ಗ್ರಾಮಸಭೆಯಲ್ಲಿ ಈ ಪ್ರಶ್ನೆ ಕೇಳಿ. ಐವತ್ತು ದಾಟಿದವರಿಗೆ ಲಸಿಕೆಯೂ ಇದೆ, ಆದರೆ ಅದರ ಬೆಲೆ ಕೂಲಿಯವರ ಕೈಗೆ ಎಟುಕುವಂಥದ್ದಲ್ಲ. ಅದನ್ನೂ ಕೇಳಬೇಕು.

ಅಲ್ಲಿಯವರೆಗೆ ಇಷ್ಟು ನೆನಪಿಡಿ. ಮೈಯ ಒಂದೇ ಬದಿಯಲ್ಲಿ ಉರಿ, ಚುಚ್ಚು, ಆಮೇಲೆ ಸಾಲು ಗುಳ್ಳೆ ಕಂಡರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಹಣೆ, ಮೂಗು, ಕಣ್ಣಿನ ಸುತ್ತ ಎದ್ದಿದ್ದರೆ ಒಂದು ಗಂಟೆಯೂ ತಡ ಮಾಡಬೇಡಿ, ದೃಷ್ಟಿಗೇ ಕುತ್ತು. ಒಡೆದ ಗುಳ್ಳೆಗೆ ಮಣ್ಣು ಹಚ್ಚಬೇಡಿ, ಬೇರೆ ಸೋಂಕು ತಗಲೀತು. ಗುಳ್ಳೆಯ ನೀರಿನಿಂದ ಚಿಕನ್‌ಪಾಕ್ಸ್ ಹರಡಬಹುದು. ಹಾಗಾಗಿ ಗುಳ್ಳೆ ಮುಚ್ಚಿಟ್ಟುಕೊಳ್ಳಿ, ಕೂಸು ಮತ್ತು ಬಸುರಿಯರಿಂದ ದೂರ ಇರಿ.

ನಂಬಿಕೆ ಬಿಡಲಾಗದಿದ್ದರೆ ಮಂತ್ರ ಹೇಳಿಸಿಕೊಳ್ಳಿ, ನಾವು ಅಡ್ಡ ಬರುವುದಿಲ್ಲ. ಆದರೆ ಮಾತ್ರೆ ನುಂಗಿ ಹೋಗಿ. ಅಜ್ಜ ನಾಳೆಯೂ ಜಗಲಿಯಲ್ಲೇ ಇರುತ್ತಾರೆ, 72 ಗಂಟೆ ಮಾತ್ರ ಮತ್ತೆ ಬರುವುದಿಲ್ಲ.